ಏರ್ ಗನ್‌ಗೆ ಲೈಸೆನ್ಸ್ ಬೇಡ, ಸರಿ. ಮೊಲಕ್ಕೆ?

ಹೋದ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಂಗಿ ಮಗ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಜಗಲಿಯ ಮೇಲೆ ಇಟ್ಟ. ಒಳಗೆ ಹೊಸ ಏರ್ ರೈಫಲ್. "ದೊಡ್ಡಮ್ಮಾ, ಇದಕ್ಕೆ ಲೈಸೆನ್ಸ್ ಬೇಡ. ರಾತ್ರಿ ಹುಲ್ಲಿನ ಬ್ಯಾಣದ ಕಡೆ ಹೋಗಿ ಒಂದೆರಡು ಮೊಲ ನೋಡ್ಕೊಂಡು ಬರ್ತೀವಿ" ಅಂದ. ಲೈಸೆನ್ಸ್ ಬೇಡ ಅಂದದ್ದು ನಿಜ. ಆದರೆ ಅದರಿಂದ ಮೊಲ ಹೊಡೆಯಬಹುದು ಅಂತ ಅವನು ಲೆಕ್ಕ ಹಾಕಿದ್ದು ಪೂರ್ತಿ ತಪ್ಪು. ಆ ರಾತ್ರಿ ಊಟ ಆದಮೇಲೆ ಅವನನ್ನೂ ಅವನ ಇಬ್ಬರು ಗೆಳೆಯರನ್ನೂ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಆಮೇಲೆ ಊರಿನ ನಾಲ್ಕೈದು ಮನೆಯವರು ಇದೇ ಪ್ರಶ್ನೆ ಕೇಳಿದರು. ಪ್ರತಿ ಸಲ ಬಾಯಲ್ಲಿ ಹೇಳುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು.

ನಾನು ವಕೀಲೆ ಅಲ್ಲ. ಸಾಗರ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ ನೋಡಿಕೊಂಡಿರುವವಳು. ಆದರೆ ಅದಕ್ಕೂ ಮುಂಚೆ 11 ವರ್ಷ ಶಿವಮೊಗ್ಗದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಫಾರೆಸ್ಟ್ ಕೇಸುಗಳ ಜಾಮೀನು ಅರ್ಜಿ ಎಷ್ಟು ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಆ ಅರ್ಜಿಗಳಲ್ಲಿ ಒಂದು ಸಾಲು ಪದೇ ಪದೇ ಬರುತ್ತಿತ್ತು: "ಅರ್ಜಿದಾರರಿಗೆ ಕಾನೂನಿನ ಅರಿವಿರಲಿಲ್ಲ." ಆ ಸಾಲಿನಿಂದ ಯಾರಿಗಾದರೂ ಉಪಯೋಗ ಆದದ್ದು ನಾನು ಕಾಣೆ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಕೋವಿಯ ಕಾನೂನು ಬೇರೆ, ಪ್ರಾಣಿಯ ಕಾನೂನು ಬೇರೆ. ಕೋವಿಯನ್ನು ನೋಡುವುದು ಶಸ್ತ್ರಾಸ್ತ್ರ ಕಾಯ್ದೆ. ಪ್ರಾಣಿಯನ್ನು ನೋಡುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ. ಒಂದರಲ್ಲಿ ಪಾಸಾದ ಮಾತ್ರಕ್ಕೆ ಇನ್ನೊಂದರಲ್ಲಿ ಪಾಸಾದ ಹಾಗಲ್ಲ.

ಪೆಟ್ಟಿಗೆ ತಿರುಗಿಸಿ ನೋಡಿ

ಏರ್ ಗನ್ ಕೊಳ್ಳುವವರು ನೋಡಬೇಕಾದ್ದು ಎರಡೇ ಅಂಕಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳಗಿನ ಅಳತೆ .177 ಇಂಚು, ಅಂದರೆ 4.5 ಮಿಲಿಮೀಟರ್ ಮೀರಬಾರದು. ಪೆಲೆಟ್, ಅಂದರೆ ಏರ್ ಗನ್ನಿನ ಸಣ್ಣ ಗುಂಡು, ನಳಿಗೆಯ ಬಾಯಿಯಿಂದ ಹೊರಬೀಳುವಾಗಿನ ಶಕ್ತಿ 20 ಜೂಲ್ ಮೀರಬಾರದು. ಎರಡೂ ಒಳಗಿದ್ದರೆ ಲೈಸೆನ್ಸ್ ಬೇಡ. ಯಾವುದಾದರೂ ಒಂದು ಮೀರಿದರೂ ಬೇಕು. ".22 ಕೂಡ ಏರ್ ಗನ್ನೇ ಅಲ್ವಾ, ಗಾಳಿಯಿಂದಲೇ ಓಡೋದು ಅಲ್ವಾ" ಅಂತ ವಾದ ಮಾಡುವವರಿದ್ದಾರೆ. ಗಾಳಿಯಿಂದಲೇ ಓಡುತ್ತದೆ. ಆದರೆ ಅದರ ನಳಿಗೆ 5.5 ಮಿಲಿಮೀಟರ್. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ಮೊಲ ಹೊಡೆಯುವುದಿರಲಿ, ಗೋಡೆಗೆ ನೇತುಹಾಕಿದರೂ ಕೇಸೇ.

ತಂಗಿ ಮಗನ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಸೆಕೆಂಡಿಗೆ 1000 ಅಡಿ ವೇಗ ಎಂದು ಬರೆದಿತ್ತು. ಹುಡುಗರಿಗೆ ಅದನ್ನು ನೋಡಿ ಖುಷಿ. ನನಗೆ ಅನುಮಾನ. ಕ್ಯಾಲ್ಕುಲೇಟರ್ ತರಿಸಿದೆ. ಲೆಕ್ಕ ಸುಲಭ. ಪೆಲೆಟ್ ತೂಕವನ್ನು ಗ್ರೇನ್‌ನಲ್ಲಿ ತಗೊಳ್ಳಿ, ಅದು ಪೆಲೆಟ್ ಡಬ್ಬಿಯ ಮೇಲೇ ಇರುತ್ತದೆ. ಅದನ್ನು ವೇಗದಿಂದ ಎರಡು ಸಲ ಗುಣಿಸಿ. ಬಂದದ್ದನ್ನು 450240ರಿಂದ ಭಾಗಿಸಿ. ಉತ್ತರ ಫುಟ್ ಪೌಂಡ್‌ನಲ್ಲಿ ಬರುತ್ತದೆ. ಅದನ್ನು 1.356ರಿಂದ ಗುಣಿಸಿದರೆ ಜೂಲ್.

ಸಾಮಾನ್ಯವಾಗಿ ಸಿಗುವ ಸೀಸದ ಪೆಲೆಟ್ 8 ಗ್ರೇನ್ ಆಸುಪಾಸು, ಅಂದರೆ ಅರ್ಧ ಗ್ರಾಂಗಿಂತ ಒಂಚೂರು ಜಾಸ್ತಿ. ಅದು 800 ಅಡಿ ವೇಗದಲ್ಲಿ ಹೊರಟರೆ 15.4 ಜೂಲ್. ಪರವಾಗಿಲ್ಲ. ಅದೇ ಪೆಲೆಟ್ ನಿಜವಾಗಿಯೂ 1000 ಅಡಿ ವೇಗದಲ್ಲಿ ಹೊರಟರೆ 24 ಜೂಲ್. ಮಿತಿ ದಾಟಿತು. ಹಾಗಾದರೆ ಅಂಗಡಿಯವರು ಹೇಗೆ ಮಾರುತ್ತಾರೆ? ಆ 1000 ಅಡಿ ಸಾಧಾರಣವಾಗಿ 5 ಗ್ರೇನ್‌ನಂಥ ಹಗುರ ಪೆಲೆಟ್ ಹಾಕಿ ಅಳೆದದ್ದು. ಅದಕ್ಕೆ ಲೆಕ್ಕ ಹಾಕಿದರೆ 15 ಜೂಲ್ ಚಿಲ್ಲರೆ ಅಷ್ಟೇ. ಹಾಗಾಗಿ ವೇಗ ನೋಡಿ ಹಿಗ್ಗಬೇಡಿ, ಹೆದರಲೂ ಬೇಡಿ. ಜೂಲ್ ಎಷ್ಟು ಅಂತ ಬರೆದಿದೆಯಾ ನೋಡಿ. ಬರೆದಿಲ್ಲವಾದರೆ ಮಾರುವವರಿಂದ ಬರೆಸಿಕೊಳ್ಳಿ.

ಬಿಲ್ ಎಸೆಯಬೇಡಿ. ಮಾರುವವರು ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೇಳುತ್ತಾರೆ, ಕೊಡಿ. ಕೇಳದೆ ಮಾರುವವರ ಹತ್ತಿರ ಕೊಳ್ಳಬೇಡಿ. ಬಿಲ್‌ನಲ್ಲಿ ಅಳತೆ, ಶಕ್ತಿ, ಸೀರಿಯಲ್ ನಂಬರ್ ಇರಲಿ. ಅದರ ಫೋಟೋ ಫೋನಿನಲ್ಲಿ, ಒಂದು ಜೆರಾಕ್ಸ್ ಗನ್ ಚೀಲದಲ್ಲಿ. ಚೆಕ್‌ಪೋಸ್ಟ್‌ನಲ್ಲಿ ಉದ್ದನೆಯ ಚೀಲ ಕಂಡ ಪೊಲೀಸರಿಗೆ ಅದು ಯಾವ ಗನ್ ಅಂತ ಕಣ್ಣಳತೆಯಲ್ಲಿ ಗೊತ್ತಾಗಬೇಕು ಅಂತ ಏನಿಲ್ಲ.

ಇನ್ನೊಂದು. ಸ್ಪ್ರಿಂಗ್ ಬದಲಿಸಿ "ಪವರ್ ಜಾಸ್ತಿ" ಮಾಡಿಕೊಡುವ ಮೆಕ್ಯಾನಿಕ್‌ಗಳು ಎಲ್ಲ ಕಡೆ ಇದ್ದಾರೆ. 20 ಜೂಲ್ ದಾಟಿದ ಕ್ಷಣಕ್ಕೆ ನಿಮ್ಮ ಕೈಲಿರುವುದು ಲೈಸೆನ್ಸ್ ಬೇಕಾದ ಆಯುಧ. ಬಿಲ್ ಆಗ ಕೆಲಸಕ್ಕೆ ಬರುವುದಿಲ್ಲ.

ಅಪ್ಪಯ್ಯನ ಟ್ರಂಕಿನ ಕಾಗದ

ನಮ್ಮ ಅಪ್ಪಯ್ಯ ಶಿಕಾರಿಯವರು. ಮನೆಯಲ್ಲಿ ಕೇಪಿನ ಕೋವಿ ಇತ್ತು. ಪ್ರತಿ ಚುನಾವಣೆಗೆ ಅದನ್ನು ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಡಿಪಾಸಿಟ್ ಮಾಡಿ, ಮುಗಿದ ಮೇಲೆ ವಾಪಸ್ ತರುವುದು ಒಂದು ಹಬ್ಬದ ಹಾಗೆ ನಡೆಯುತ್ತಿತ್ತು. ಅವರು ಹೋದಮೇಲೆ ಟ್ರಂಕಿನಲ್ಲಿ 1970ರ ದಶಕದ ಒಂದು ಹಳದಿ ಕಾಗದ ಸಿಕ್ಕಿತು. ಸಣ್ಣ ಬೇಟೆಯ ಲೈಸೆನ್ಸ್.

ಹೌದು, ಹಾಗೊಂದು ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದಾಗ ಬೇಟೆ ಪೂರ್ತಿ ನಿಂತಿರಲಿಲ್ಲ. ದೊಡ್ಡ ಬೇಟೆ, ವಿಶೇಷ ಬೇಟೆ, ಸಣ್ಣ ಬೇಟೆ ಅಂತ ಬೇರೆ ಬೇರೆ ಲೈಸೆನ್ಸ್ ಇದ್ದವು. ಕಾಯ್ದೆಯ ನಾಲ್ಕನೇ ಶೆಡ್ಯೂಲ್‌ಗೆ, ಅಂದರೆ ನಾಲ್ಕನೇ ಪಟ್ಟಿಗೆ, ಹೆಸರೇ ಸಣ್ಣ ಬೇಟೆ. ಮೊಲ, ಮುಂಗುಸಿ, ಹಕ್ಕಿಗಳ ಒಂದು ದೊಡ್ಡ ಪಟ್ಟಿ ಅದರಲ್ಲಿತ್ತು. ಊರಿನ ಹಿರಿಯರು "ನಮ್ಮ ಕಾಲದಲ್ಲಿ ಮೊಲಕ್ಕೆ ಅಡ್ಡಿ ಇರಲಿಲ್ಲ" ಅನ್ನುವುದು ಸುಳ್ಳಲ್ಲ. ಅವರ ಕಾಲ ಮುಗಿದಿದೆ, ಅಷ್ಟೇ. 1991ರ ತಿದ್ದುಪಡಿ ಆ ಲೈಸೆನ್ಸ್‌ಗಳನ್ನೆಲ್ಲ ತೆಗೆದುಹಾಕಿತು. ಆ ವರ್ಷ ಅಕ್ಟೋಬರ್ 2ರಿಂದ ಅದು ಜಾರಿಗೆ ಬಂತು. ಗಾಂಧಿ ಜಯಂತಿಯ ದಿನ ಬೇಕೆಂದೇ ಇಟ್ಟರೋ ಏನೋ. ಅಲ್ಲಿಂದೀಚೆಗೆ ಮೋಜಿಗೆ ಅಥವಾ ಮಾಂಸಕ್ಕೆ ಪ್ರಾಣಿ ಹೊಡೆಯಲು ಈ ದೇಶದಲ್ಲಿ ಯಾರೂ ನಿಮಗೆ ಪರವಾನಗಿ ಕೊಡಲಾರರು. ಅರ್ಜಿಯ ನಮೂನೆಯೇ ಇಲ್ಲ.

2022ರಲ್ಲಿ ಮತ್ತೊಂದು ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಜಾರಿ. ಪ್ರಾಣಿಗಳಿಗೆ ಈಗ ಎರಡೇ ಶೆಡ್ಯೂಲ್. ಮೊದಲನೆಯದರಲ್ಲಿ ಹೆಚ್ಚು ರಕ್ಷಣೆ ಬೇಕಾದವು, ಎರಡನೆಯದರಲ್ಲಿ ಉಳಿದವು. ಸೆಕ್ಷನ್ 9 ಎರಡಕ್ಕೂ ಅನ್ವಯ: ಹೊಡೆಯುವಂತಿಲ್ಲ. ಹಿಂದೆ ಐದನೇ ಶೆಡ್ಯೂಲ್ ಅಂತ ಒಂದಿತ್ತು. ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ, ಹೆಗ್ಗಣ ಇವನ್ನೆಲ್ಲ ಉಪದ್ರವಿ ಅಂತ ಅಲ್ಲಿ ಹಾಕಿದ್ದರು. ಅದನ್ನೂ ತೆಗೆದರು. ಹಾಗಾಗಿ "ಕಾಗೆ ಹೊಡೆದರೆ ಯಾರು ಕೇಳ್ತಾರೆ" ಅನ್ನುವುದೂ ಹಳೇ ಮಾತು.

ಮೊಲ, ಕಾಡುಕೋಳಿ, ಗೌಜಲು, ಬೆಳವ, ಗದ್ದೆಗೆ ಇಳಿಯುವ ಬೆಳ್ಳಕ್ಕಿ ಎಲ್ಲವೂ ಕಾಯ್ದೆಯ ಪಟ್ಟಿಯಲ್ಲಿವೆ. ನವಿಲು, ಉಡ, ಚಿಪ್ಪುಹಂದಿ, ಕಾಡುಪಾಪ, ಮಂಗಟ್ಟೆ ಹಕ್ಕಿ ಮೊದಲ ಶೆಡ್ಯೂಲ್‌ನಲ್ಲಿವೆ. ನನ್ನ ಸಲಹೆ ಕೇಳಿದರೆ ಪಟ್ಟಿ ಬಾಯಿಪಾಠ ಮಾಡುವ ಗೊಡವೆಯೇ ಬೇಡ. ಸಾಕಿದ್ದಲ್ಲ ಅಂದರೆ ಹೊಡೆಯಬೇಡಿ. ತಂಗಿ ಮಗ "ಗೂಗಲ್ ಮಾಡಿ ನೋಡ್ತೀನಿ, ಪಟ್ಟಿಯಲ್ಲಿ ಇಲ್ಲದ್ದು ಯಾವುದಾದರೂ ಇರಬಹುದು" ಅಂದ. ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹೊಳೆಯುವ ಎರಡು ಕಣ್ಣು ಕಂಡಾಗ ಅವನು ಪಟ್ಟಿ ತೆಗೆದು ನೋಡುತ್ತಾನಂತೆ!

ಬೇಟೆ ಅಂದರೆ ಏನು ಅಂತ ಕಾಯ್ದೆ ಹೇಳುವುದನ್ನು ಓದಿದರೆ ಹುಡುಗರ ಅರ್ಧ ಉತ್ಸಾಹ ಇಳಿಯುತ್ತದೆ. ಕೊಲ್ಲುವುದು ಮಾತ್ರ ಅಲ್ಲ. ಹಿಡಿಯುವುದು, ಅಟ್ಟಿಸಿಕೊಂಡು ಹೋಗುವುದು, ಉರುಳು ಹಾಕುವುದು, ಆಮಿಷ ಇಡುವುದು, ಗಾಯ ಮಾಡುವುದು, ಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡು ಕೆದಕುವುದು ಎಲ್ಲವೂ ಬೇಟೆ. ಪ್ರಯತ್ನ ಕೂಡ. ಅಂದರೆ ಗುರಿ ತಪ್ಪಿದರೂ ಬೇಟೆಯೇ. "ಸುಮ್ನೆ ಹೆದರಿಸೋಕೆ ಹೊಡೆದೆ" ಅನ್ನುವುದು ನಿಲ್ಲುವುದು ಕಷ್ಟ. ಏರ್ ಗನ್ ಸದ್ದಿಗೆ ಯಾವ ಪ್ರಾಣಿಯೂ ಹೆದರುವುದಿಲ್ಲ ಅಂತ ನ್ಯಾಯಾಧೀಶರಿಗೂ ಗೊತ್ತು.

ಜಾಗ ಯಾರದ್ದು ಅನ್ನುವುದೂ ಲೆಕ್ಕಕ್ಕಿಲ್ಲ. ನನ್ನ ತೋಟ, ನನ್ನ ಸೊಪ್ಪಿನಬೆಟ್ಟ, ನನ್ನ ಗದ್ದೆ ಇರಬಹುದು. ಅದರೊಳಗೆ ಬಂದ ಮೊಲ ನನ್ನದಲ್ಲ. ಹೊಡೆದು ಬೀಳಿಸಿದ ಪ್ರಾಣಿ ಸರ್ಕಾರದ ಸ್ವತ್ತು. ಬಳಸಿದ ಗನ್, ಹೋದ ಬೈಕು ಅಥವಾ ಕಾರು ಕೂಡ ಜಪ್ತಿಯಾದರೆ ಸರ್ಕಾರಕ್ಕೇ ಹೋಗಬಹುದು. ಕಾರು ತಂದ ಗೆಳೆಯ ಇಷ್ಟು ಹೊತ್ತು ಫೋನ್ ನೋಡುತ್ತಿದ್ದವನು ಈ ಮಾತಿಗೆ ತಲೆ ಎತ್ತಿದ. ಅದು ಅವನ ಅಪ್ಪನ ಕಾರು.

ಶಿಕ್ಷೆ ಹೀಗಿದೆ. ಎರಡನೇ ಶೆಡ್ಯೂಲ್‌ನ ಪ್ರಾಣಿಗೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2022ಕ್ಕೆ ಮುಂಚೆ ಆ ದಂಡ 25 ಸಾವಿರ ಇತ್ತು. ಮೊದಲ ಶೆಡ್ಯೂಲ್‌ನ ಪ್ರಾಣಿಯಾದರೆ, ಅಥವಾ ಯಾವುದೇ ಪ್ರಾಣಿಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗೆ ಹೊಡೆದರೆ, ಕನಿಷ್ಠ 3 ವರ್ಷ, 7 ವರ್ಷದವರೆಗೂ ಹೋಗಬಹುದು. ದಂಡ ಕನಿಷ್ಠ 25 ಸಾವಿರ. ಕನಿಷ್ಠ ಅನ್ನುವ ಪದವನ್ನು ನಿಧಾನವಾಗಿ ಓದಿಕೊಳ್ಳಿ.

ಮಂಗನ ವಿಷಯ

ಮೊಲ ಬಿಡಿ, ಅದು ರಜೆಗೆ ಬರುವ ಹುಡುಗರ ಆಸೆ. ಮಲೆನಾಡಿನ ಮನೆಗಳಲ್ಲಿ ಏರ್ ಗನ್ ಇರುವುದು ಮಂಗನಿಗಾಗಿ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ನಾನೂ ಹೊಡೆದಿದ್ದೇನೆ. ಹತ್ತು ವರ್ಷದ ಮೇಲಾಯಿತು. ಬಾಳೆಗೊನೆ ಒಂದೂ ಬಿಡುತ್ತಿರಲಿಲ್ಲ. ಏಲಕ್ಕಿ ಬುಡ ಕಿತ್ತು ಸುಳಿ ತಿನ್ನುತ್ತಿದ್ದವು. ಅಡಿಕೆಯ ಎಳೆಕಾಯಿ ಕಿತ್ತು ಚೀಪಿ ಎಸೆಯುತ್ತಿದ್ದವು. ಮಧ್ಯಾಹ್ನ ಒಂದು ದಿನ ಸಿಟ್ಟು ನೆತ್ತಿಗೇರಿ ಪಕ್ಕದ ಮನೆಯ ಏರ್ ಗನ್ ತಂದು ಹೊಡೆದೆ. ಒಂದು ಹೆಣ್ಣು ಮಂಗನ ತೊಡೆಗೆ ಬಿತ್ತು. ಸಾಯಲಿಲ್ಲ. ಏರ್ ಗನ್ನಿಗೆ ಸಾಮಾನ್ಯವಾಗಿ ತಕ್ಷಣ ಸಾಯುವುದೂ ಇಲ್ಲ. ಕಿರುಚಿ ಮರ ಹತ್ತಿತು. ನಾಲ್ಕು ದಿನ ಅದೇ ತೋಟದಲ್ಲಿ ಮೂರು ಕಾಲಲ್ಲಿ ಓಡಾಡುತ್ತಿತ್ತು. ಗಾಯಕ್ಕೆ ನೊಣ ಮುತ್ತಿದ್ದು ಜಗಲಿಯಿಂದಲೇ ಕಾಣುತ್ತಿತ್ತು. ಐದನೇ ದಿನ ಕಾಣಲಿಲ್ಲ. ಹಿಂಡು ಮಾತ್ರ ಮಾರನೇ ವಾರವೇ ವಾಪಸ್ ಬಂತು. ಬಾಳೆಗೊನೆಯೂ ಹೋಯಿತು. 11 ವರ್ಷ ಕಾನೂನು ಟೈಪ್ ಮಾಡಿದವಳು ನಾನು. ಗೊತ್ತಿಲ್ಲದೆ ಮಾಡಿದೆ ಅನ್ನಲು ನನಗೆ ಮುಖವಿಲ್ಲ.

ಆಗ ಹಳೇ ಕಾಯ್ದೆ. ಈಗ ನಮ್ಮ ಕಡೆಯ ಸಾಮಾನ್ಯ ಮಂಗ, ಟೊಪ್ಪಿ ಇಟ್ಟಂತೆ ತಲೆಗೂದಲು ಇರುವುದು, ಮೊದಲ ಶೆಡ್ಯೂಲ್‌ನಲ್ಲಿದೆ. ಸಿಂಗಳೀಕ ಮೊದಲಿಂದಲೂ ಅಲ್ಲೇ ಇದೆ. ಅಂದರೆ ನಿಮ್ಮ ತೋಟದ ಮಂಗನಿಗೆ ಒಂದು ಪೆಲೆಟ್ ಹೊಡೆದು ಗಾಯ ಮಾಡಿದರೂ, ಕಾನೂನಿನ ಕಣ್ಣಲ್ಲಿ ನವಿಲು ಹೊಡೆದವನ ಸಾಲಿನಲ್ಲೇ ನಿಲ್ಲುತ್ತೀರಿ. ಮೇಲೆ ಹೇಳಿದ ಕನಿಷ್ಠ 3 ವರ್ಷ ಇಲ್ಲಿಗೂ ಬರುತ್ತದೆ. ಇದು ರೈತರಿಗೆ ನ್ಯಾಯವಾ ಅಂತ ಕೇಳಿದರೆ ನನ್ನ ಉತ್ತರ ಅಲ್ಲ ಅಂತಲೇ. ಪಕ್ಕದ ಕೇರಳ ಸರ್ಕಾರ ಈ ಮಂಗವನ್ನು ಮೊದಲ ಶೆಡ್ಯೂಲ್‌ನಿಂದ ತೆಗೆಯಿರಿ ಅಂತ ಕೇಂದ್ರವನ್ನು ಕೇಳಿದೆ. ಕೇಳುವುದು ಸರಿ. ಆದರೆ ಬದಲಾಗುವ ತನಕ ಕಾನೂನು ಇದೇ.

"ಹಿಮಾಚಲದಲ್ಲಿ ಮಂಗ ಹೊಡೆಯಲು ಬಿಟ್ಟಿದ್ದಾರೆ" ಅಂತ ಒಬ್ಬರು ವಾಟ್ಸಾಪ್ ತೋರಿಸಿದರು. 2016ರ ಸುದ್ದಿ ಅದು. ಸೆಕ್ಷನ್ 62ರಲ್ಲಿ ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ಅವಧಿಗೆ ಉಪದ್ರವಿ ಅಂತ ಘೋಷಿಸಬಹುದು. ಆ ಸುಮಾರಿಗೆ ಬಿಹಾರದಲ್ಲಿ ನೀಲಗಾಯ್, ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ಅಲ್ಲಿನ ಕೆಂಪು ಮುಖದ ಮಂಗನನ್ನು ಹಾಗೆ ಘೋಷಿಸಿದ್ದರು. ಅದು ಬೇರೆ ಜಾತಿಯ ಮಂಗ. ಈಗಿನ ಸೆಕ್ಷನ್ 62 ಎರಡನೇ ಶೆಡ್ಯೂಲ್‌ನ ಪ್ರಾಣಿಗೆ ಮಾತ್ರ. ನಮ್ಮ ಮಂಗ ಮೊದಲನೆಯದರಲ್ಲಿ ಇರುವ ತನಕ ಆ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ತೋಟ ಬಿಟ್ಟುಕೊಡಬೇಕಾ?

ದಾರಿ ಇದೆ, ಉದ್ದದ್ದು. ಸೆಕ್ಷನ್ 11 ಓದಿ. ಎರಡನೇ ಶೆಡ್ಯೂಲ್‌ನ ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಆಸ್ತಿಗೆ ಅಪಾಯ ತಂದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರವಣಿಗೆಯಲ್ಲಿ ಕಾರಣ ಹೇಳಿ ಹೊಡೆಯಲು ಅನುಮತಿಸಬಹುದು. ಆಸ್ತಿ ಅನ್ನುವುದರಲ್ಲಿ ನಿಂತ ಬೆಳೆಯೂ ಸೇರುತ್ತದೆ. ಕಾಡುಹಂದಿ ಕಾಟಕ್ಕೆ ಅರ್ಜಿ ಹಾಕಬೇಕಾದ್ದು ಈ ದಾರಿಯಲ್ಲಿ. ಆದೇಶ ಕೈಗೆ ಬರುವ ತನಕ ಏನೂ ಮಾಡುವಂತಿಲ್ಲ. "ಗಾರ್ಡ್ ಬಾಯಲ್ಲಿ ಹೇಳಿದರು" ಅಂದರೆ ಆದೇಶ ಆಗಲ್ಲ. ಬೆಳೆ ರಕ್ಷಣೆ ಲೈಸೆನ್ಸ್ ಇರುವ ಕೇಪಿನ ಕೋವಿ ಮನೆಯಲ್ಲಿದ್ದರೂ ಅಷ್ಟೇ. ಆ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು. ಹಂದಿ ಹೊಡೆಯಲು ಅಲ್ಲ. ಇದನ್ನು ಒಪ್ಪಿಸುವಷ್ಟರಲ್ಲಿ ನಮ್ಮ ಭಾವನವರ ಹತ್ತಿರ ನನಗೆ ಎರಡು ಲೋಟ ಕಾಫಿ ಖರ್ಚಾಯಿತು.

ಪ್ರಾಣಿ ಮೈಮೇಲೆ ಬಿದ್ದರೆ ವಿಷಯ ಬೇರೆ. ನಿಮ್ಮ ಅಥವಾ ಇನ್ನೊಬ್ಬರ ಜೀವ ಉಳಿಸಲು ಪ್ರಾಮಾಣಿಕವಾಗಿ ಹೊಡೆದರೆ ಅಪರಾಧ ಅಲ್ಲ. ಆದರೆ ಬೇಟೆಗೆ ಹೋದವನ ಮೇಲೆ ಹಂದಿ ತಿರುಗಿಬಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ಬೆಳೆ ಹಾಳಾದರೆ ಮೊದಲು ಫೋಟೋ ತೆಗೆಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ವಲಯ ಅರಣ್ಯ ಕಚೇರಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಜೊತೆ ಅರ್ಜಿ ಕೊಡಿ. ಯಾವ ಪ್ರಾಣಿ, ಯಾವ ಬೆಳೆಗೆ ಎಷ್ಟು ಪರಿಹಾರ ಅಂತ ಅಲ್ಲೇ ಕೇಳಿ. ಸ್ವೀಕೃತಿ ತಗೊಳ್ಳದೆ ಹೊರಗೆ ಬರಬೇಡಿ. ಟೈಪಿಸ್ಟ್ ಆಗಿ ನಾನು ಕಲಿತ ದೊಡ್ಡ ವಿದ್ಯೆ ಇದೇ: ಸೀಲು ಬೀಳದ ಕಾಗದ ಕಾಗದವೇ ಅಲ್ಲ. ಪರಿಹಾರದ ಹಣ ನೋಡಿದರೆ ನಗು ಬರಬಹುದು. ಆದರೂ ಪ್ರತಿ ಸಲ ಹಾಕಿ. ಅರ್ಜಿ ಇಲ್ಲದ ಹಾನಿ ಇಲಾಖೆಯ ಲೆಕ್ಕದಲ್ಲಿ ಹಾನಿಯೇ ಅಲ್ಲ. ಆಮೇಲೆ "ನಿಮ್ಮ ಭಾಗದಿಂದ ದೂರೇ ಬಂದಿಲ್ಲ" ಅನ್ನುತ್ತಾರೆ.

ಸಿಟ್ಟಿನಲ್ಲಿ ಇನ್ನೂ ಕೆಟ್ಟ ದಾರಿ ಹಿಡಿಯಬೇಡಿ. ಉರುಳು, ಸಿಡಿಮದ್ದಿನ ಉಂಡೆ, ಬೇಲಿಗೆ ಮನೆಯ ಕರೆಂಟು ಇವೆಲ್ಲ ಏರ್ ಗನ್ನಿಗಿಂತ ದೊಡ್ಡ ಕೇಸು. ಹಸು, ನಾಯಿ, ಕೊನೆಗೆ ಅಡಿಕೆ ಕೊಯ್ಯುವ ಕೊನೆಗಾರನೇ ಸಿಕ್ಕಿಹಾಕಿಕೊಳ್ಳಬಹುದು. ನನ್ನ ತೋಟದಲ್ಲಿ ಈಗ ಎರಡು ನಾಯಿ, ಬೆಳಿಗ್ಗೆ ಏಳಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಒಂದೊಂದು ಸುತ್ತು. ಮಂಗ ಕಡಿಮೆಯಾಗಿವೆ ಅನ್ನಲಾರೆ. ಬಾಳೆಗೊನೆಯಲ್ಲಿ ಅರ್ಧವಾದರೂ ನನ್ನ ಪಾಲಿಗೆ ಉಳಿಯುತ್ತಿದೆ. ಹಾಂ, ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ನಮ್ಮದು ಮಂಗನ ಕಾಯಿಲೆಯ ಜಿಲ್ಲೆ. 1957ರಲ್ಲಿ ಅದು ಮೊದಲು ಗೊತ್ತಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣ್ಣಿಯಿಂದ ಹರಡುತ್ತದೆ. ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಅಭಯಾರಣ್ಯದ ಪಕ್ಕದವರಿಗೆ

ನಮ್ಮ ತಾಲ್ಲೂಕಿನಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಇದೆ. ಅಂಥ ಕಡೆ ಎರಡು ಸೆಕ್ಷನ್ ನೆನಪಿರಲಿ. ಸೆಕ್ಷನ್ 31: ಬರವಣಿಗೆಯ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಅಭಯಾರಣ್ಯದ ಒಳಗೆ ಒಯ್ಯುವಂತಿಲ್ಲ. ಹೊಡೆಯಬೇಕು ಅಂತಿಲ್ಲ, ಡಿಕ್ಕಿಯಲ್ಲಿ ಇದ್ದರೂ ಸಾಕು. ಜೋಗ ನೋಡಿಕೊಂಡು ಆ ಕಾಡಿನ ರಸ್ತೆಯಲ್ಲಿ ಹೋಗೋಣ ಅಂತ ಹುಡುಗರು ಪ್ಲ್ಯಾನ್ ಹಾಕಿದ್ದರು. ಗನ್ ಮನೆಯಲ್ಲೇ ಬಿಟ್ಟು ಹೋಗಿ ಅಂದೆ. ಸೆಕ್ಷನ್ 34: ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ವಾಸಿಸುವ, ಲೈಸೆನ್ಸ್ ಇರುವ ಅಥವಾ ಲೈಸೆನ್ಸ್‌ನಿಂದ ವಿನಾಯಿತಿ ಪಡೆದ ಆಯುಧಧಾರಿಗಳು ಹೆಸರು ನೋಂದಾಯಿಸಬೇಕು. ನಮ್ಮ ಮನೆಯ ಏರ್ ಗನ್ ವಿವರ ಬರೆದು ವಲಯ ಕಚೇರಿಗೆ ಒಂದು ಪತ್ರ ಕೊಟ್ಟು ಸೀಲು ಹಾಕಿಸಿಕೊಂಡಿದ್ದೇನೆ. ಅಲ್ಲಿನವರು ನಗುತ್ತಾ ತಗೊಂಡರು. ನಗಲಿ.

ವಿನಾಯಿತಿ ಅಂದಾಗ ಕೊಡಗು ನೆನಪಾಗುತ್ತದೆ. ಕೊಡವರಿಗೆ ಮತ್ತು ಜಮ್ಮಾ ಎಂಬ ಹಳೇ ಪದ್ಧತಿಯ ಜಮೀನಿನ ಹಿಡುವಳಿದಾರರಿಗೆ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ ಮದುವೆಯಾಗಿ ಹೋದ ನನ್ನ ಗೆಳತಿಯ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಗುಂಡು ಹೊಡೆಯುವುದು ದೂರದಲ್ಲಿ ಕಟ್ಟಿದ ತೆಂಗಿನಕಾಯಿಗೆ. ಅಷ್ಟು ದೊಡ್ಡ ವಿನಾಯಿತಿ ಇರುವವರಿಗೂ ಮೊಲ ಹೊಡೆಯುವ ಹಕ್ಕಿಲ್ಲ. ಕಾಡಿನ ಬುಡಕಟ್ಟು ಜನರಿಗೆ ಹಕ್ಕು ಕೊಟ್ಟ 2006ರ ಅರಣ್ಯ ಹಕ್ಕು ಕಾಯ್ದೆಯೂ ಬೇಟೆಯ ಸಾಂಪ್ರದಾಯಿಕ ಹಕ್ಕನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ. ಹಾಗಿರುವಾಗ ರಜೆಗೆ ಬಂದ ಸಾಫ್ಟ್‌ವೇರ್ ಹುಡುಗರಿಗೆ ಎಲ್ಲಿಂದ ಬರಬೇಕು?

ಅವರಿಗೆ ಬಂದದ್ದು ಯೂಟ್ಯೂಬಿನಿಂದ. ಇಂಗ್ಲೆಂಡಿನಲ್ಲಿ ಹೊಲದ ಯಜಮಾನನ ಒಪ್ಪಿಗೆ ಪಡೆದು ಏರ್ ರೈಫಲ್‌ನಲ್ಲಿ ಮೊಲ ಹೊಡೆಯುವ ವಿಡಿಯೋಗಳು ರಾಶಿ ಇವೆ. ಅಲ್ಲಿ ಅದು ಕಾನೂನುಬದ್ಧ. 12 ಫುಟ್ ಪೌಂಡ್ ಒಳಗಿನ ಏರ್ ರೈಫಲ್‌ಗೆ ಅಲ್ಲಿ ಸರ್ಟಿಫಿಕೇಟ್ ಬೇಡ. ಆದರೆ ಗಡಿ ದಾಟಿ ಸ್ಕಾಟ್ಲೆಂಡಿಗೆ ಹೋದರೆ 2016ರ ಕೊನೆಯಿಂದ ಅದಕ್ಕೂ ಬೇಕು. ಒಂದೇ ದ್ವೀಪದಲ್ಲೇ ಎರಡು ನಿಯಮ. ವಿಡಿಯೋ ನೋಡಿ ಸಾಗರದಲ್ಲಿ ಬೇಟೆಗೆ ಹೊರಟರೆ ಹೇಗೆ?

ಅರುಣಾಚಲದ ಕಥೆ ಇದಕ್ಕಿಂತ ಹತ್ತಿರದ್ದು. ಅಲ್ಲಿ ಏರ್ ಗನ್‌ಗಳಿಂದಲೇ ಹಕ್ಕಿಗಳು ಖಾಲಿಯಾಗುತ್ತಿವೆ ಅಂತ ಗೊತ್ತಾಗಿ 2021ರಲ್ಲಿ ಸರ್ಕಾರ ಏರ್ ಗನ್ ಒಪ್ಪಿಸುವ ಅಭಿಯಾನ ಮಾಡಿತು. ಆ ವರ್ಷದ ಕೊನೆಗೆ 1,600ಕ್ಕೂ ಹೆಚ್ಚು ಗನ್‌ಗಳನ್ನು ಜನ ತಾವಾಗಿಯೇ ತಂದುಕೊಟ್ಟಿದ್ದರು. ಲೈಸೆನ್ಸ್ ಬೇಡದ ಆಟಿಕೆ ಅಂತ ನಾವು ಅಂದುಕೊಳ್ಳುವ ಗನ್ ಒಂದು ರಾಜ್ಯದ ಹಕ್ಕಿಗಳಿಗೆ ಅಷ್ಟು ಕಾಟ ಕೊಟ್ಟಿತ್ತು.

ಬೇಗ ಬೇಗ ಒಂದೆರಡು ಮಾತು. ಬೀದಿನಾಯಿಗೆ ಹೊಡೆಯುವುದೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325ರಲ್ಲಿ ಪ್ರಾಣಿಯನ್ನು ಕೊಂದರೆ ಅಥವಾ ಅಂಗ ಊನ ಮಾಡಿದರೆ 5 ವರ್ಷದವರೆಗೆ ಜೈಲು. ಯಾರೋ ಹೊಡೆದ ಕಾಡುಕೋಳಿಯ ಸಾರು ನಿಮ್ಮ ಮನೆಯ ಪಾತ್ರೆಯಲ್ಲಿದ್ದರೆ ನೀವೂ ಕೇಸಿನಲ್ಲಿ. ಸತ್ತ ಹಕ್ಕಿ ಹಿಡಿದು ಸ್ಟೇಟಸ್ ಹಾಕುವವರು ಇಲಾಖೆಯ ಕೆಲಸವನ್ನು ತಾವೇ ಮಾಡಿಕೊಡುತ್ತಾರೆ. ಸಿಬ್ಬಂದಿ ಬಂದರೆ ಓಡಬೇಡಿ. ವನ್ಯಜೀವಿ ಕಾಯ್ದೆಯ ಸೆಕ್ಷನ್ 50ರಲ್ಲಿ ಹುಡುಕುವ, ಜಪ್ತಿ ಮಾಡುವ, ಬಂಧಿಸುವ ಅಧಿಕಾರ ಅವರಿಗಿದೆ. ಬಿಲ್ ತೋರಿಸಿ. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮಹಜರಿನಲ್ಲಿ ಏನು ಬರೆದಿದೆ ಓದಿ, ಆಮೇಲೆ ಸಹಿ. ಮನೆಗೆ ಮತ್ತು ವಕೀಲರಿಗೆ ಫೋನ್ ಮಾಡಿ.

ಗನ್ ಇಟ್ಟುಕೊಂಡು ಏನು ಮಾಡೋದು?

ಗುರಿ ಅಭ್ಯಾಸ ಮಾಡಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ, ಇದೇ 4.5 ಮಿಲಿಮೀಟರ್ ಪೆಲೆಟ್‌ನಲ್ಲಿ. ಆ ಗುರಿಹಾಳೆಯ ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಸಾಸಿವೆ ಕಾಳಿಗಿಂತ ಚಿಕ್ಕದು. ಮೊಲ ಎಷ್ಟು ದೊಡ್ಡದು ಅಂತ ಆಗ ಗೊತ್ತಾಗುತ್ತದೆ.

ಮನೆಯಲ್ಲೇ ಮಾಡುವುದು ಸುಲಭ. ಕೊಟ್ಟಿಗೆಯ ಹಿಂದೆ ಜಂಬಿಟ್ಟಿಗೆ ಗೋಡೆ ಇರುವ ಕಡೆ ಆರಿಸಿಕೊಂಡೆವು. ಗೋಡೆಯ ಮುಂದೆ ಒಂದು ಮರದ ಪೆಟ್ಟಿಗೆ. ಒಳಗೆ ಒತ್ತಿ ತುಂಬಿದ ಹಳೇ ಸೀರೆ, ಗೋಣಿಚೀಲ. ಹಿಂಬದಿಗೆ ದಪ್ಪ ಹಲಗೆ. ಹಾಳೆಯನ್ನು ಮುಂದೆ ಅಂಟಿಸಿ. ಪೆಲೆಟ್ ಒಳಗೇ ಉಳಿಯುತ್ತದೆ, ಸಿಡಿದು ವಾಪಸ್ ಬರುವುದಿಲ್ಲ. ಕಲ್ಲು, ಗಾಜಿನ ಬಾಟಲಿ, ತಗಡು, ನೀರಿನ ಮೇಲೆ ಹೊಡೆಯಬೇಡಿ, ಪೆಲೆಟ್ ಎತ್ತ ಹಾರುತ್ತದೋ ಹೇಳಲಾಗದು. ಮೇಲಕ್ಕೆ ಹೊಡೆದ ಪೆಲೆಟ್ 300 ಮೀಟರ್ ಆಚೆಗೂ ಹೋಗಬಲ್ಲದು. ಆಚೆ ಕೊನೆಗಾರ ಮರದ ಮೇಲೆ ಇರಬಹುದು. ಹೊಡೆಯುವವರು, ನೋಡುವವರು ಇಬ್ಬರಿಗೂ ಕಣ್ಣಿಗೆ ಕನ್ನಡಕ ಬೇಕು. ತೋಟಕ್ಕೆ ಔಷಧಿ ಹೊಡೆಯುವಾಗ ಹಾಕುವ ಕನ್ನಡಕ ಸಾಕು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಪೆಲೆಟ್ ಸೀಸದ್ದು. ಬಾಯಲ್ಲಿ ಕಚ್ಚಿಕೊಂಡು ಲೋಡ್ ಮಾಡುವ ಅಭ್ಯಾಸವಂತೂ ಬೇಡವೇ ಬೇಡ. ಗನ್ ಒಂದು ಕಪಾಟಿನಲ್ಲಿ, ಪೆಲೆಟ್ ಇನ್ನೊಂದರಲ್ಲಿ, ಎರಡಕ್ಕೂ ಬೀಗ.

ನಿಜವಾಗಿ ಆಸಕ್ತಿ ಬಂದರೆ ಶೂಟಿಂಗ್ ಕ್ಲಬ್ ಸೇರಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಇದೆ. ತಂಗಿ ಮಗ ಇದ್ದ ಮೂರೂ ದಿನ ಕೊಟ್ಟಿಗೆ ಹಿಂದೆಯೇ ಕಳೆದ. ಮೊದಲ ದಿನ 10 ಮೀಟರ್‌ನಿಂದ 50 ಪೆಲೆಟ್ ಹೊಡೆದು ಕಪ್ಪು ವೃತ್ತಕ್ಕೆ ಬೀಳಿಸಿದ್ದು 9. ಮೂರು ಪೆಲೆಟ್ ಪೆಟ್ಟಿಗೆಗೇ ಬೀಳಲಿಲ್ಲ. ಗೋಡೆಯ ಗಾರೆಯಲ್ಲಿ ಆ ಗುರುತು ಈಗಲೂ ಇದೆ.